ಜೀಪಿಗೆ ತಗುಲಿದ ಸೆಕೆ

ನಮ್ಮ ಕಚೇರಿಯೊಳಗಿನ ಉಷ್ಣತೆ ಇಪ್ಪತ್ತೆರಡು ಡಿಗ್ರಿ ಎಂದು ಸುತ್ತೋಲೆಯ ಮೂಲಕ ನಿಗದಿಯಾಗಿತ್ತು. ಅಳೆದದ್ದು ಸಾಹೇಬರ ಎ.ಸಿ. ಕೋಣೆಯಲ್ಲಿ, ಅನ್ವಯವಾದದ್ದು ಸರ್ವರಿಗೂ. ತಗಡಿನ ಸೂರಿನ ಹಾಲ್‌ನಲ್ಲಿ ಕೂರುವ ನಾವು ಫ್ಯಾನ್ ಕೇಳಿದಾಗಲೆಲ್ಲ, "ಇಪ್ಪತ್ತೆರಡಕ್ಕೆ ಫ್ಯಾನ್ ಯಾಕ್ರೀ?" ಎನ್ನುತ್ತಿದ್ದರು ಸಾಹೇಬರು. ನಮ್ಮ ಟೈಪಿಸ್ಟ್ ಅಕ್ಕ ತಲೆಸುತ್ತಿ ಬಿದ್ದದ್ದೂ, ಸರಕಾರಿ ಲೆಕ್ಕದಲ್ಲಿ, ಇಪ್ಪತ್ತೆರಡರಲ್ಲೇ.

ಅಷ್ಟರಲ್ಲಿ ಕಚೇರಿಯ ಜೀಪು ಕೆಮ್ಮತೊಡಗಿತು. ಇಂಜಿನ್ ಎಳೆದುಕೊಳ್ಳುವ ಗಾಳಿ ಎಷ್ಟು ಬಿಸಿ ಎಂದು ತಿಳಿಸುವ ಸೆನ್ಸರನ್ನು ಮೊದಲು ಪರೀಕ್ಷಿಸೋಣ ಎಂದ ಮೆಕ್ಯಾನಿಕ್. ಜೀಪನ್ನು ನಮ್ಮ ಕಿಟಕಿಗೆ ಒತ್ತಿ ನಿಲ್ಲಿಸಿ, ಸೆನ್ಸರನ್ನು ವೈರಿನ ಸಮೇತ ಒಳಗೆಳೆದು ಅಕ್ಕನ ಮೇಜಿನ ಮೇಲಿಟ್ಟ. ಸಾಹೇಬರೂ ನೋಡಲು ಬಂದರು. ಐಸ್ ಮುಟ್ಟಿಸಿದ, ಜೀಪಿಗೆ ಜೋಡಿಸಿದ್ದ ಅವನ ಯಂತ್ರದ ತೆರೆಯಲ್ಲಿ ಅಂಕಿ ಇಳಿಯಿತು. ಹೇರ್ ಡ್ರೈಯರ್ ಹಿಡಿದ, ಏರಿತು. ಹಾಲ್‌ನ ಗಾಳಿಗೆ ಸುಮ್ಮನೆ ಬಿಟ್ಟ, ನಲವತ್ತೊಂದಕ್ಕೆ ನಿಂತಿತು.

"ಸೆನ್ಸರ್ ಚೆನ್ನಾಗಿದೆ ಸಾರ್. ತೊಂದರೆ ಬೇರೆಲ್ಲೋ ಇದೆ."

ಅಕ್ಕ ಕನ್ನಡಕ ಒರೆಸಿಕೊಂಡರು. "ನೋಡಿ ಸಾರ್, ನಾನು ಹೇಳಿದ್ರೆ ನಂಬ್ಲಿಲ್ಲ. ಈಗ ನಿಮ್ಮ ಜೀಪೇ ಹೇಳ್ತಿದೆ. ಒಂದು ಫ್ಯಾನ್ ಹಾಕ್ಸಿಬಿಡಿ."

"ಅದು ಜೀಪಿನ ವೈಯಕ್ತಿಕ ಅಭಿಪ್ರಾಯ," ಎಂದರು ಸಾಹೇಬರು. "ಸುತ್ತೋಲೆ ಮೀರಿದ ಸೆನ್ಸರ್ ಅಂದ್ರೆ ಕೆಟ್ಟಿದೆ ಅಂತಲೇ. ಕಿತ್ತುಹಾಕಪ್ಪ."

"ಕಿತ್ರೆ ಮೈನಸ್ ನಲವತ್ತು ತೋರ್ಸುತ್ತೆ ಸಾರ್. ಸೆನ್ಸರೇ ಇಲ್ಲ ಅಂತ ಅದರರ್ಥ."

"ಇಲ್ದೇ ಇದ್ರೆ ಹೇಗಯ್ಯಾ ತೋರ್ಸುತ್ತೆ?"

ಕಿತ್ತ. ತೋರಿಸಿತು. ಸಾಹೇಬರು ಆ ಅಂಕಿಗೆ ಸಹಿ ಹಾಕಿದರು.

ಮರುದಿನ ಪ್ರಕಟಣೆ ಬಂತು: "ಹಾಲ್‌ನ ಉಷ್ಣತೆ ಮೈನಸ್ ನಲವತ್ತಕ್ಕೆ ಕುಸಿದಿರುವುದರಿಂದ, ಸಿಬ್ಬಂದಿಯ ಹಿತದೃಷ್ಟಿಯಿಂದ ಕಿಟಕಿಗಳನ್ನು ಮುಚ್ಚತಕ್ಕದ್ದು. ಪ್ರತಿಯೊಬ್ಬರೂ ಕಂಬಳಿ ಹೊದೆಯತಕ್ಕದ್ದು. ಫ್ಯಾನ್ ಕೇಳುವವರನ್ನು ಮನೋವೈದ್ಯರ ತಪಾಸಣೆಗೆ ಕಳುಹಿಸತಕ್ಕದ್ದು." ಸಾಹೇಬರ ಭಾವಮೈದುನನಿಗೆ ಕಂಬಳಿ ಅಂಗಡಿ ಇದ್ದದ್ದು ನಮ್ಮೆಲ್ಲರ ಪುಣ್ಯ. ಇಲ್ಲದಿದ್ದರೆ ಅಂಥ ಚಳಿಯಲ್ಲಿ ಎಲ್ಲಿ ಹುಡುಕುವುದು?

ಸೆನ್ಸರಿಲ್ಲದ ಜೀಪು ವಿಪರೀತ ಚಳಿಯೆಂದು ನಂಬಿ ಎರಡರಷ್ಟು ಪೆಟ್ರೋಲ್ ಕುಡಿಯುತ್ತ, ಮೊದಲಿಗಿಂತ ಜೋರಾಗಿ ಕೆಮ್ಮಿತು. ಇಷ್ಟು ಥಂಡಿಯಲ್ಲಿ ಕೆಮ್ಮದೆ ಏನು ಮಾಡೀತು ಎಂದು ನಾವೇ ಸಮಾಧಾನ ಹೇಳಿಕೊಂಡೆವು.

ತಿಂಗಳ ಕೊನೆಗೆ ಟೈಪಿಸ್ಟ್ ಅಕ್ಕ ಮತ್ತೆ ಸಾಹೇಬರ ಕೋಣೆಗೆ ಹೋದರು. ಕಂಬಳಿ ಹೊದ್ದಿದ್ದರು, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಫ್ಯಾನಿನ ಮಾತೇ ಎತ್ತಲಿಲ್ಲ.

"ಸಾರ್," ಎಂದರು, "ನನಗೆ ಕೊಟ್ಟಿರೋದು ಸ್ವಲ್ಪ ತೆಳ್ಳಗಿದೆ. ದಪ್ಪದ್ದು ಸಿಗುತ್ತಾ?"