ಸೊಂಟಕ್ಕೆ ಕಟ್ಟಿದ ಡಬ್ಬಿ

ಡಾಕ್ಟರಮ್ಮ ಮೇಸ್ತ್ರಿಯ ಎದೆಗೆ ಐದಾರು ಬಿಲ್ಲೆ ಅಂಟಿಸಿ, ಅವುಗಳ ವೈರುಗಳನ್ನೆಲ್ಲ ಒಂದು ಪುಟ್ಟ ಡಬ್ಬಿಗೆ ಸೇರಿಸಿ, ಅದನ್ನು ಅವನ ಸೊಂಟಕ್ಕೆ ಕಟ್ಟಿದರು.

“ಎದೆ ಬಡಿಯೋದೆಲ್ಲ ಇದ್ರಲ್ಲಿ ಗೊತ್ತಾಗುತ್ತೆ. ದಿನಾ ಹೇಗಿರ್ತೀರೋ ಹಾಗೇ ಇರಿ. ಸಂಜೆ ಬಿಚ್ಚಿ ನೋಡ್ತೀನಿ.”

“ಇವ್ರು ದಿನಾ ಇರೋ ಹಾಗಿದ್ರೆ ನಿಮ್ಮ ಡಬ್ಬೀನೇ ಸುಟ್ಟುಹೋಗುತ್ತೆ” ಎಂದಳು ಹೆಂಡತಿ. ಹೇಳುವಾಗ ನಗಲಿಲ್ಲ. ಉಣ್ಣುತ್ತ ಕೂತ ಗಂಡ ಎದೆ ಹಿಡಿದು ಕುಸಿದದ್ದನ್ನು ಕಂಡವಳು ಅವಳು.

ಮೇಸ್ತ್ರಿ ರಟ್ಟಿನ ಪೆಟ್ಟಿಗೆ ಕಾರ್ಖಾನೆಯವನು. ಮೂರಾಳಿನ ಕೆಲಸ ಒಬ್ಬನೇ ಮಾಡಿ ಬಂದು, ಮನೆಯಲ್ಲೂ ಹೊದಿಕೆಯ ಮೂಲೆಗಳನ್ನು ಪೆಟ್ಟಿಗೆಯ ಹಾಗೆ ಮಡಿಸುತ್ತಿದ್ದ. ಅವನಿಗೆ ಕಾಯಿಲೆಯ ಭಯವಿರಲಿಲ್ಲ, ರಜೆಯ ಭಯವಿತ್ತು. ಡಬ್ಬಿ ನಿಜ ಹೇಳಿಬಿಟ್ಟರೆ ಡಾಕ್ಟರಮ್ಮ ಮನೆಯಲ್ಲಿ ಕೂರಿಸುತ್ತಾರೆ. ಕೂತವನ ಜಾಗಕ್ಕೆ ಮ್ಯಾನೇಜರು ಇನ್ನೊಬ್ಬನನ್ನು ತರುತ್ತಾರೆ.

ಹೀಗೆ ಯೋಚಿಸುತ್ತ ಗೇಟಿಗೆ ಬಂದರೆ ವಾಚ್‌ಮನ್ ತಾತ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಹಗಲೂ ರಾತ್ರಿ ಗೇಟಿನಲ್ಲೇ ಇರುವವನು. ಲಾರಿ ಹಾರ್ನ್ ಹೊಡೆದರೆ ನೆನೆದ ರಟ್ಟಿನಂತೆ ಪಕ್ಕಕ್ಕೆ ಬಾಗುವನೇ ಹೊರತು ಏಳುವವನಲ್ಲ. ಇಷ್ಟು ನೆಮ್ಮದಿಯ ಎದೆ ಬೇರೆಲ್ಲಿ ಸಿಗಬೇಕು?

“ತಾತ, ಇದನ್ನ ಸಂಜೆ ತನಕ ಕಟ್ಕೊಂಡಿರ್ತೀಯಾ?”

“ಕಚ್ಚುತ್ತಾ?”

“ಇಲ್ಲ. ಸುಮ್ನೆ ಕೂತಿದ್ರೆ ಸಾಕು.”

“ಅದೊಂದು ನಂಗೆ ಚೆನ್ನಾಗಿ ಬರುತ್ತೆ ಬಿಡು.”

ಒಮ್ಮೆ ಕಿತ್ತ ಬಿಲ್ಲೆ ತಾತನ ಎದೆಯ ಮೇಲೆ ನಿಲ್ಲಲಿಲ್ಲ. ಅಂಟು ಹಚ್ಚುವ ಅಕ್ಕ ಬಕೆಟ್ ಸಮೇತ ಬಂದು ಅಂಚಿಗೆಲ್ಲ ಬಳಿದಳು.

“ಅಲುಗಾಡಬೇಡ ತಾತ, ಇವತ್ತು ನೀನೂ ಹಡಗಿಗೆ ಹೋಗೋ ಮಾಲು.”

ಮೇಸ್ತ್ರಿ ಹಗುರಾಗಿ ಒಳಗೆ ಹೋದ. ಸಂಜೆಯೊಳಗೆ ಲೋಡು ಹೋಗಬೇಕಿತ್ತು. ಮಧ್ಯಾಹ್ನ ಕಟ್ಟು ಎತ್ತುವಾಗ ಎದೆಯೊಳಗೆ ಯಾರೋ ಹಗ್ಗ ಬಿಗಿದಂತಾಯಿತು. ಪೆಟ್ಟಿಗೆಗಳಿಗೆ ಒರಗಿ ಕೂತ.

“ಏನಯ್ಯಾ, ಕೂತೇಬಿಟ್ಟೆ?” ಎಂದರು ಮ್ಯಾನೇಜರು.

“ಗಟ್ಟಿ ಇದೆಯಾ ಅಂತ ನೋಡ್ತಿದ್ದೆ ಸಾರ್.”

ಸಂಜೆ ಬಿಲ್ಲೆ ಕೀಳುವಾಗ ತಾತನ ಎದೆಗೂದಲೂ ಬಂತು. ಮೇಸ್ತ್ರಿ ಅದನ್ನೆಲ್ಲ ಒರೆಸಿ, ಬಿಲ್ಲೆಗಳನ್ನು ತನ್ನ ಎದೆಗೆ ಒತ್ತಿಕೊಂಡು ಆಸ್ಪತ್ರೆಗೆ ಓಡಿದ.

ಡಬ್ಬಿಯನ್ನು ಕಂಪ್ಯೂಟರಿಗೆ ಹಾಕಿದ ಡಾಕ್ಟರಮ್ಮ ತೆರೆಯ ಮೇಲಿನ ಗೆರೆಗಳನ್ನು ಎರಡೆರಡು ಸಲ ನೋಡಿದರು.

“ಹಗಲೆಲ್ಲ ತೂಕಡಿಕೆ ಬರ್ತಿತ್ತಾ?”

“ಹೂಂ... ಬರ್ತಿತ್ತು.”

“ಅದು ನಿದ್ದೆ ಅಲ್ಲ. ಈ ಎದೆ ನಡುನಡುವೆ ನಿಂತು ನಿಂತು ಬಡಿದಿದೆ. ಈಗಲೇ ಅಡ್ಮಿಟ್ ಆಗ್ಬೇಕು. ಇನ್ನೊಂದು ರಾತ್ರಿ ಹೀಗೇ ಬಿಟ್ರೆ ನಾನು ಹೊಣೆಯಲ್ಲ.”

ಬಾಗಿಲಲ್ಲಿ ಕಾಯುತ್ತಿದ್ದ ಹೆಂಡತಿ ಒಳಗೆ ಓಡಿ ಬಂದಳು. ಮೇಸ್ತ್ರಿಯ ಕಣ್ಣ ಮುಂದೆ ಗೇಟಿನ ಆ ಕುರ್ಚಿ ಬಂತು, ಅದರಲ್ಲಿ ಬಾಗಿದ ತಲೆ ಬಂತು. ಇಷ್ಟು ದಿನ ಎಲ್ಲರೂ ಸೋಮಾರಿ ಎಂದು ನಕ್ಕದ್ದೂ ನೆನಪಾಯಿತು.

“ಅದು ನನ್ನ ಎದೆ ಅಲ್ಲಮ್ಮ” ಎಂದ.

ಕತ್ತಲಾಗುವ ಮುಂಚೆ ತಾತನನ್ನು ಲೋಡಿನ ಲಾರಿಯಲ್ಲೇ ತಂದು ಮಲಗಿಸಿದರು. ಜೀವಕ್ಕೆ ಭಯವಿಲ್ಲವೆಂದು ಹೇಳಿದ ಡಾಕ್ಟರಮ್ಮ ಮೇಸ್ತ್ರಿಯ ಕಡೆ ತಿರುಗಿದರು. “ಇನ್ನು ನಿಮ್ಮ ಎದೆ ನೋಡ್ಬೇಕು. ಈ ರಾತ್ರಿ ಇಲ್ಲೇ ಇರಿ.”

ಅಷ್ಟರಲ್ಲಿ ಮ್ಯಾನೇಜರು ಬಂದು ಮೇಸ್ತ್ರಿಯ ಭುಜದ ಮೇಲೆ ಕೈಯಿಟ್ಟರು. ಕಣ್ಣು ಒದ್ದೆಯಾಗಿತ್ತು.

“ಒಂದು ಜೀವ ಉಳಿಸಿದೆ ಕಣಯ್ಯಾ. ನಿನ್ನಂಥ ನಂಬಿಕಸ್ಥ ಇನ್ನೊಬ್ಬ ಇಲ್ಲ. ತಾತ ವಾಪಸ್ ಬರೋ ತನಕ ಗೇಟೂ ನೀನೇ ನೋಡ್ಕೊಂಡ್ಬಿಡು.”

ಹೆಂಡತಿ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಮೇಸ್ತ್ರಿ ಇಬ್ಬರನ್ನೂ ನೋಡಿದ, ಎದೆಯ ಮೇಲೆ ಕೈಯಿಟ್ಟುಕೊಂಡ, ಬಾಯಿ ತೆರೆದ.

“ಗೇಟಿನ ಬೀಗದ ಕೈ ಎಲ್ಲಿದೆ ಸಾರ್?”