ಮುಲುಂಡ್ ಕೇಂದ್ರದ ತೂಕದ ಗೆರೆಯವರಿಗೆ

ಶಿಶು ಕಲ್ಯಾಣ ಕೇಂದ್ರದ ಗೋಡೆಯಲ್ಲಿ ಗಾಜಿನೊಳಗೆ ವಿರಾಜಮಾನರಾಗಿರುವ, ವಯಸ್ಸಿಗೆ ತಕ್ಕ ತೂಕದ ನಕ್ಷೆಯ ಶ್ರೀಮಾನ್ ಸರಾಸರಿ ಗೆರೆಯವರ ಸನ್ನಿಧಿಗೆ,

ಮುಲುಂಡ್, ೧೯೫೬

ಮಾನ್ಯರೇ,

ಧಾರವಾಡದಿಂದ ಬಂದು ಇಲ್ಲಿನ ಸಾಲುಮನೆಗಳ ಚಾಳಿನಲ್ಲಿ ನೆಲೆಸಿರುವ ಗುಮಾಸ್ತ ಶಿವಪುತ್ರಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕೆಂಪು ಶಾಯಿಯಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ತಮ್ಮ ದಯೆಯಿಂದ ನಮ್ಮ ಮನೆಯಲ್ಲಿ ಮಾತ್ರ ಯಾರೂ ಕ್ಷೇಮವಾಗಿಲ್ಲ.

ಕಳೆದ ತಿಂಗಳು ನನ್ನ ತಾಯಿ ಅಂಬವ್ವ ಮೊಮ್ಮಗನನ್ನು ಎತ್ತಿಕೊಂಡು ತಮ್ಮ ದರ್ಶನಕ್ಕೆ ಬಂದರು. ವಯಸ್ಸೆಷ್ಟೆಂದು ನರ್ಸಬಾಯಿ ಕೇಳಿದಾಗ, ನಮ್ಮ ಕಡೆಯ ರೂಢಿಯಂತೆ ನಡೆಯುತ್ತಿರುವ ವರ್ಷವನ್ನೇ ಎಣಿಸಿ, "ಎರಡನೇದು ನಡದೈತ್ರಿ" ಎಂದರು. ನರ್ಸಬಾಯಿ ಎರಡು ಎಂದೇ ಬರೆದುಕೊಂಡರು. ವರ್ಷ ತುಂಬಿ ಇನ್ನೂ ತಿಂಗಳಾಗದ ಕೂಸು ಹೀಗೆ ಒಂದೇ ಉಸಿರಿಗೆ ಎರಡು ವರ್ಷದ್ದಾಗಿ, ತಮ್ಮ ಪಾದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತು. ತಾಯಿಯ ಹಾಲಿನಲ್ಲಿ ಸತ್ವವಿಲ್ಲ, ಅದನ್ನು ಬಿಡಿಸಿ ಡಬ್ಬಿಯ ಹಾಲಿನ ಪುಡಿ ಕುಡಿಸಿ ಎಂದು ಅಪ್ಪಣೆಯಾಯಿತು.

ನನ್ನ ಹೆಂಡತಿ ಚಂದ್ರವ್ವ ಅಂದಿನಿಂದ ಕೂಸನ್ನು ಎದೆಗೆ ಹಚ್ಚಲು ಹೆದರಿದಳು. ಅದು ಸೆರಗು ಜಗ್ಗಿ ಅಳುವುದು, ಇವಳು ಗೋಡೆಗೆ ಮುಖ ಮಾಡಿ ಅಳುವುದು. ನಾನು ಕೇಂದ್ರಕ್ಕೆ ಓಡಿ, ಹುಟ್ಟಿದ ತಾರೀಖು ಹೇಳಿ ವಯಸ್ಸು ತಿದ್ದಿಸಿದೆ. ಕೂಸು ತಮ್ಮ ಹತ್ತಿರಕ್ಕೆ ಬಂದೇಬಿಟ್ಟಿತು. ಆದರೂ ಕೂದಲೆಳೆಯಷ್ಟು ಕೆಳಗಿದೆಯಾದ್ದರಿಂದ ಪುಡಿ ಮುಂದುವರಿಸಿ ಎಂದರು.

ಮಾನ್ಯರೇ, ಸುಮಾರು ಅರ್ಧ ಮಕ್ಕಳು ಕೆಳಗಿರುವುದರಿಂದಲೇ ಅಲ್ಲವೇ ತಾವು ನಡುವೆ ಕೂತು ಸರಾಸರಿ ಎನಿಸಿಕೊಂಡಿರುವುದು? ಎಲ್ಲರಿಗೂ ಪುಡಿ ಕುಡಿಸಿ ಮೇಲಕ್ಕೆ ಹತ್ತಿಸಿದರೆ, ಪಾಪ, ತಾವೂ ಏದುಸಿರು ಬಿಡುತ್ತ ಮೇಲೇರಬೇಕಾದೀತು. ತಮ್ಮನ್ನು ಎಳೆಯಲು ತೂಗಿದ್ದಾದರೂ ವಿಲಾಯತಿಯ ಮಕ್ಕಳನ್ನಂತೆ. ಅವರಲ್ಲಿ ಜೋಳದ ಅಂಬಲಿ ಕುಡಿದ ಒಬ್ಬನೂ ಇದ್ದಂತಿಲ್ಲ. ಆದ್ದರಿಂದ ಒಂದು ದಿನ ಗೋಡೆಯಿಂದಿಳಿದು ನಮ್ಮ ಚಾಳಿಗೆ ದಯಮಾಡಿಸಿ, ಇಲ್ಲಿನ ಮಕ್ಕಳನ್ನೂ ತೂಗಿಸಿ, ಒಬ್ಬರೇ ನಿಲ್ಲುವ ಬದಲು ಮೇಲೊಬ್ಬ ಕೆಳಗೊಬ್ಬ ಗೆರೆ-ತಮ್ಮನನ್ನು ಎಳೆಸಿಕೊಂಡು, ಲೋಕಲ್ ರೈಲಿನ ಮೂರನೇ ದರ್ಜೆಯಲ್ಲಿ ಜನ ಸರಿದು ಕೂರುವಂತೆ, ಆ ಇಬ್ಬರ ನಡುವೆ ನಮ್ಮ ಕೂಸಿಗೂ ಒಂದಿಷ್ಟು ಜಾಗ ಮಾಡಿಕೊಡಬೇಕಾಗಿ ವಿನಂತಿ.

ತಮಗಿಂತ ಕೊಂಚ ಕೆಳಗಿರುವ, ಆದರೂ ತಮ್ಮ ವಿಶ್ವಾಸಿ,
ಶಿವಪುತ್ರಪ್ಪ

ತಾ.ಕ.: ಉತ್ತರ ಬರೆಯುವ ತೊಂದರೆ ಬೇಡ. ಈ ಪತ್ರವನ್ನು ಓದಿಸಿ ಕೇಳಿದ ಚಂದ್ರವ್ವ, ಹಾಗಾದರೆ ಅರ್ಧ ತಾಯಂದಿರು ನನ್ನಂತೆಯೇ ಅಳುತ್ತಿರಬೇಕಲ್ಲ ಎಂದವಳೇ ಕೇಂದ್ರಕ್ಕೆ ನಡೆದು, ತಮ್ಮ ಕೆಳಗಿನ ಬೆಂಚಿನಲ್ಲಿಯೇ ಕೂತು ಕೂಸಿಗೆ ಎದೆಹಾಲು ಕುಡಿಸಿದಳು. ಡಬ್ಬಿ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದ ಇನ್ನೊಬ್ಬ ತಾಯಿ ಅದನ್ನು ನೋಡಿ, ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿ, ತನ್ನ ಮಗಳನ್ನೂ ಸೆರಗಿನೊಳಗೆ ಎಳೆದುಕೊಂಡಳು.