ವೈನಿ ಕೊಟ್ಟ ಏಳು ಗಡ್ಡೆಗಳು

ನನ್ನ ಕೈಗೆ ಸುಮ್ಮನಿರುವುದು ಗೊತ್ತಿಲ್ಲ. ಇದನ್ನು ನಾನೇ ಒಪ್ಪಿಕೊಂಡುಬಿಟ್ಟರೆ ಮನೆಯವರಿಗೆ ಹೇಳುವ ಶ್ರಮ ತಪ್ಪುತ್ತದೆ. ಅನ್ನ ಬೇಯುತ್ತಿದ್ದರೆ ಮುಚ್ಚಳ ತೆಗೆದು ನೋಡುತ್ತೇನೆ, ಗಾಯ ಮಾಯುತ್ತಿದ್ದರೆ ಹಕ್ಕಳೆ ಕಿತ್ತು ನೋಡುತ್ತೇನೆ. ಗೋಕಾಕದಿಂದ ಮೂಡಲಗಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಹೈಸ್ಕೂಲು ಮಾಸ್ತರ ನಾನು. ಇಷ್ಟು ವರ್ಷವಾದರೂ ಎರಡು ಊರು ಮೊದಲೇ ಎದ್ದು ಬಾಗಿಲ ಹತ್ತಿರ ನಿಂತಿರುತ್ತೇನೆ. "ಸರ್, ನೀವು ಕುಂತ್ರೂ ಮೂಡಲಗಿ ಬರತೈತ್ರಿ" ಎಂದು ಕಂಡಕ್ಟರು ಹೇಳಿದ್ದುಂಟು. ಇಂಥವನ ಕೈಗೆ, ತಿಂಗಳುಗಟ್ಟಲೆ ಮಣ್ಣಿನೊಳಗೆ ಮಲಗಿರಬೇಕಾದ ಹೂವಿನ ಗಡ್ಡೆಗಳನ್ನು ಯಾರಾದರೂ ಕೊಡುತ್ತಾರೆಯೇ? ನಮ್ಮ ವೈನಿ ಕೊಟ್ಟರು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವರಿರುವುದು ನನ್ನ ಹುಟ್ಟೂರು ಕುಲಗೋಡದಲ್ಲಿ. ನಾನು ಆರು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಅದೇ ವರ್ಷ ಮದುವೆಯಾಗಿ ಬಂದ ವೈನಿ ನನ್ನ ತಲೆಗೆ ಎಣ್ಣೆ ಹಚ್ಚಿ, ಚಡ್ಡಿಗೆ ಗುಂಡಿ ಹಚ್ಚಿ ದೊಡ್ಡವನನ್ನಾಗಿ ಮಾಡಿದರು. ಅವರ ತವರು ಹುಕ್ಕೇರಿ ಕಡೆ. ಅಲ್ಲಿಯ ಅಂಗಳದಲ್ಲಿ ಪ್ರತಿ ವರ್ಷ ಮಹಾನವಮಿಯ ಹೊತ್ತಿಗೆ ಬಿಳಿ ಹೂ ಏಳುತ್ತಿದ್ದವಂತೆ. ಅವರ ತಾಯಿ ಆ ದಿನಗಳಲ್ಲಿ ಲಿಂಗಪೂಜೆಗೆ ಅವನ್ನೇ ಏರಿಸುತ್ತಿದ್ದರಂತೆ. ಈ ಬೇಸಿಗೆಯಲ್ಲಿ ತವರಿನವರು ಅಂಗಳಕ್ಕೆಲ್ಲ ಫರಸಿಕಲ್ಲು ಹಾಸಿಸಿದರು. ಕಲ್ಲು ಬೀಳುವ ಮೊದಲೇ ವೈನಿ ಹೋಗಿ ಕಿತ್ತು ತಂದದ್ದು ಏಳು ಗಡ್ಡೆ. ಕುಲಗೋಡದ ಅಂಗಳದಲ್ಲಿ ಟ್ರ್ಯಾಕ್ಟರು ನಿಲ್ಲುತ್ತದೆ, ಉಳಿದ ಜಾಗದಲ್ಲಿ ಎಮ್ಮೆ ನಿಲ್ಲುತ್ತದೆ. ಹೀಗಾಗಿ ಅವು ಸೆರಗಿನ ಗಂಟಿನಲ್ಲಿ ನಮ್ಮ ಮನೆಗೆ ಬಂದವು.

"ಇಷ್ಟ ಉಳದಾವ ನೋಡು ಬಸು. ಇವು ಹ್ವಾದ್ರ ನಮ್ಮವ್ವನ ಹೂ ಹೋದಂಗ. ನೀ ಗಿಡದ ಮಾಸ್ತರ, ನಿನ್ನ ಕಡೆ ಇರ್ಲಿ. ಮಾನಮಿಗೆ ಬರ್ತೇನಿ, ಒಂದ ಹೂ ಕೊಡು, ಸಾಕು" ಎಂದರು.

"ಇದರ ಹೆಸರೇನ್ರಿ ವೈನಿ?"

"ಮಾನಮಿಗೆ ಅರಳತೈತಿ. ಮಾನಮಿ ಹೂ."

ಜೀವಶಾಸ್ತ್ರ ಕಲಿಸುವವನಿಗೆ ಇಷ್ಟರಿಂದ ಸಮಾಧಾನವಾಗುತ್ತದೆಯೇ? ವೈನಿಯ ಬಸ್ಸು ಹೊರಡುವ ಮೊದಲೇ ಫೋನು ತೆಗೆದೆ. ಗಿಡ ಗುರುತಿಸುವ ಆ್ಯಪ್ ಅದನ್ನು ಮೊದಲು ಉಳ್ಳಾಗಡ್ಡಿ ಎಂದಿತು, ಮರುದಿನ ಬೆಳ್ಳುಳ್ಳಿ ಎಂದಿತು. ಮೂರನೆಯ ಚಿತ್ರದಲ್ಲಿ ನನ್ನ ಹೆಬ್ಬೆರಳೇ ದೊಡ್ಡದಾಗಿ ಬಿದ್ದಿತ್ತು, ಅದಕ್ಕೆ ಶುಂಠಿ ಎಂದಿತು. ಯಂತ್ರವನ್ನು ನಂಬುವುದು ಬೇಡವೆಂದು ಒಂದು ಗಡ್ಡೆಯನ್ನು ಅಡ್ಡಲಾಗಿ ಕೊಯ್ದೆ. ಪದರ ಪದರವಾಗಿತ್ತು, ಕಣ್ಣೀರು ಬರಲಿಲ್ಲ. ಉಳ್ಳಾಗಡ್ಡಿ ಅಲ್ಲ ಎಂಬುದು ಸಿದ್ಧವಾಯಿತು, ಒಂದು ಗಡ್ಡೆ ಕಡಿಮೆಯಾಯಿತು. ಇನ್ನೊಂದನ್ನು ಶಾಲೆಗೆ ಒಯ್ದು ಒಂಬತ್ತನೆಯ ತರಗತಿಯ ಮೊದಲ ಬೆಂಚಿಗೆ ಕೊಟ್ಟೆ. ಕೊನೆಯ ಬೆಂಚು ಮುಟ್ಟುವಷ್ಟರಲ್ಲಿ ಅದರಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಕಲ್ಲೋಳಿಯಲ್ಲಿ ಸಸಿ ಮಾರುವ ಗೆಳೆಯನೊಬ್ಬ "ಹೂ ಬಿಟ್ಟಮ್ಯಾಲೆ ಹೇಳ್ತೇನ್ರಿ" ಎಂದು ಒಂದನ್ನು ಇಟ್ಟುಕೊಂಡ. ತಿಂಗಳ ಮೇಲೆ ಕೇಳಿದರೆ ಯಾರೋ ಸುಗಂಧರಾಜವೆಂದು ಕುಂಡದ ಸಮೇತ ಒಯ್ದಿದ್ದಾರೆ ಎಂದ. ಅವರ ಮನೆಯಲ್ಲಿ ಈಗ ಏನು ಅರಳಿದೆಯೋ, ಅವರು ಅದನ್ನು ಏನೆಂದು ತಿಳಿದಿದ್ದಾರೋ, ಯೋಚಿಸಿದರೆ ನನಗೆ ಈಗಲೂ ಕಸಿವಿಸಿ. ಬೇರು ಬರುವುದನ್ನು ಕಣ್ಣಾರೆ ನೋಡಬೇಕೆಂದು ನೀರಿನ ಕಪ್ಪಿನಲ್ಲಿ ಕೂರಿಸಿದ್ದು ಕೊಳೆತು ನಾರಿತು.

ಉಳಿದ ಮೂರನ್ನು ಕುಂಡದಲ್ಲಿ ಹೂಳಿದೆ. ಹೂಳಿದ ಮೇಲೆ ತಲೆ ಯಾವುದು, ಬುಡ ಯಾವುದು ಎಂಬ ಸಂಶಯ ಬಂತು. ತೆಗೆದು ತಿರುಗಿಸಿ ಹೂಳಿದೆ. ಮರುದಿನ, ಮೊದಲು ಇಟ್ಟದ್ದೇ ಸರಿಯಿತ್ತೇನೋ ಅನ್ನಿಸಿತು. ಬಸ್ಸಿಳಿದು ಬಂದವನು ಚಹಾಕ್ಕಿಂತ ಮೊದಲು ಚಮಚ ಹಿಡಿದು ಕುಂಡದ ಮುಂದೆ ಕೂರುವುದು ರೂಢಿಯಾಯಿತು. "ಅದು ಗಡ್ಡಿ ಐತ್ರಿ, ಪರೀಕ್ಷಾ ಪೇಪರ್ ಅಲ್ಲ, ದಿನಾ ತಗದ ನೋಡಾಕ" ಎಂದು ಹೆಂಡತಿ ಹೇಳಿಯೇ ಹೇಳಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಮೆತ್ತಗಾಗಿ ಹೋದವು. ಉಳಿದ ಒಂದೇ ಒಂದು, ನನ್ನ ಉಪಚಾರವನ್ನೆಲ್ಲ ಸಹಿಸಿಕೊಂಡು ನಾಲ್ಕು ಸಪೂರ ಎಲೆ ಬಿಟ್ಟಿತು.

ಮಹಾನವಮಿ ಬಂತು. ನಮ್ಮಲ್ಲಿ ಆ ಹಬ್ಬಕ್ಕೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯಬೇಕು. ಹೆಂಡತಿ ಕೌದಿಗಳನ್ನು ಗೋಡೆಯ ಮೇಲೆ ಹರವುತ್ತಿದ್ದಳು. ವೈನಿ ಮುಂಜಾನೆಯ ಬಸ್ಸು ಹತ್ತಿದ್ದಾರೆಂದು ಅಣ್ಣನ ಫೋನು ಬಂತು. "ಪೂಜಿ ನಿಮ್ಮನ್ಯಾಗ ಮಾಡ್ತಾಳಂತ" ಎಂದ. ಪೂಜೆಯಾಗದೆ ವೈನಿ ಗುಟುಕು ಚಹಾ ಸಹ ಮುಟ್ಟುವವರಲ್ಲ. ಅಂದರೆ ಹಸಿದುಕೊಂಡು ಬರುತ್ತಿದ್ದಾರೆ, ಒಂದು ಹೂವಿಗಾಗಿ. ಕುಂಡ ನೋಡಿದೆ, ಎಲೆಗಳ ಹೊರತು ಏನೂ ಇಲ್ಲ. ಒಂದೇ ಒಂದು ಸಲ ನೋಡೋಣ, ಮೊಗ್ಗು ಮಣ್ಣೊಳಗೇ ಇದ್ದರೆ ಗೊತ್ತಾಗುತ್ತದೆ ಎಂದು ಚಮಚ ಹಾಕಿದೆ. ಇತ್ತು. ಎಲೆಗಳ ಬುಡದಲ್ಲಿ ಮೂತಿ ಚೂಪಾದ ಬಿಳಿ ಮೊಗ್ಗು. ಖುಷಿಯಲ್ಲಿ ಮಣ್ಣು ಸರಿಸಲು ಹೋದೆ, ದಂಟು ಚಟ್ಟನೆ ಮುರಿದು ಕೈಗೆ ಬಂತು. ನನಗೆ ಅಳು ಬಂತು. ಐವತ್ತು ದಾಟಿದವನು ಕುಂಡದ ಮುಂದೆ ಕೂತು ಅಳಬಾರದೆಂದೇನೂ ಇಲ್ಲವಲ್ಲ. ಅಷ್ಟರಲ್ಲಿ "ಅಕ್ಕಾರು ಬಂದ್ರು ನೋಡ್ರಿ" ಎಂದು ಹೆಂಡತಿ ಕೂಗಿದಳು.

ವೈನಿ ಕುಂಡ ನೋಡಿದರು, ನನ್ನ ಕೈ ನೋಡಿದರು. ಉಳಿದವು ಎಲ್ಲಿ ಎಂದು ಕೇಳಲಿಲ್ಲ. ಮೊಗ್ಗನ್ನು ತೆಗೆದುಕೊಂಡು ತಂಬಿಗೆಯ ನೀರಿನಲ್ಲಿಟ್ಟು ಬಿಸಿಲು ಬೀಳುವ ಕಿಟಕಿಯಲ್ಲಿ ಇರಿಸಿ, ಗೋಡೆಗೆ ಒರಗಿ ಕೂತರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ನಾನು ಕಿಟಕಿಗೂ ಬಾಗಿಲಿಗೂ ಅಡ್ಡಾಡಿದೆ.

"ನೀ ಅಡ್ಡಾಡಿದ್ರ ಅದು ಲಗೂ ಅರಳೂದಿಲ್ಲ. ಕುಂದ್ರು."

ಮಧ್ಯಾಹ್ನದ ಹೊತ್ತಿಗೆ ಅರಳಿತು. ಆರು ಬಿಳಿ ಎಸಳು, ನಡುವೆ ಆರು ಹಳದಿ ಕೇಸರ. ಎಣಿಸಿದ್ದೇ ತಡ, ನನ್ನ ದುಃಖವೆಲ್ಲ ಎಲ್ಲಿಗೋ ಹೋಯಿತು. "ವೈನಿ, ಗುರ್ತ ಸಿಕ್ತ್ರಿ. ಇದು ಮಳಿ ಲಿಲ್ಲಿ ಜಾತೀದು" ಎಂದೆ.

"ಹೌದೇನು? ಇಷ್ಟ ತಿಳ್ಯಾಕ ಏಳು ಗಡ್ಡಿ ಬೇಕಾದ್ವು?" ಎಂದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಪೂಜೆ ಮುಗಿಸಿ, ಊಟಕ್ಕೆ ಕೂತಾಗ ವೈನಿ ಇದ್ದಕ್ಕಿದ್ದಂತೆ, "ನೀ ಸಾಲ್ಯಾಗ ಎರಡನೇತ್ತಾ ಇದ್ದಾಗ ಹಿತ್ತಲದಾಗ ಮಡಿಕಿಕಾಳ ಹಾಕಿದ್ದಿ, ನೆನಪೈತೇನು?" ಎಂದು ಕೇಳಿದರು. ನೆನಪಿಲ್ಲದೆ ಏನು? ಪ್ರತಿ ಜೂನಿನಲ್ಲಿ ಹೊಸ ತರಗತಿಗೆ ನಾನು ಹೇಳುವ ಮೊದಲ ಪಾಠವೇ ಅದು. ಒಂದು ಕಾಳು ಹಾಕಿದೆ, ದಿನಾ ಪರೀಕ್ಷಿಸಿದೆ, ನಾಲ್ಕನೆಯ ದಿನ ಬಿಳಿ ಮೊಳಕೆ ಕಂಡೆ, ಅಂದೇ ಗಿಡಗಳ ವಿದ್ಯೆ ಕಲಿಯಬೇಕೆಂದು ನಿಶ್ಚಯಿಸಿದೆ.

"ನೀ ದಿನಾ ಕೆದರಿ ಕೆದರಿ ಅದು ಕೊಳತ ಹೋಗಿತ್ತು. ನೀ ಸಾಲಿಗೆ ಹ್ವಾದಮ್ಯಾಲೆ, ಪಲ್ಲೆಕ್ಕಂತ ಅರಿವ್ಯಾಗ ಕಟ್ಟಿಟ್ಟ ಮೊಳಕಿ ಕಾಳಿನ್ಯಾಗಿಂದ ಒಂದ ತಗದು ನಾನ ಅಲ್ಲಿ ಇಟ್ಟಿದ್ನಿ. ತಾಯಿ ಇಲ್ಲದ ಕೂಸು, ಅದರ ಕೈಯಾಗೂ ಏನರೆ ಹುಟ್ಲಿ ಅಂತ." ರೊಟ್ಟಿ ಮುರಿಯುತ್ತ ಮತ್ತೆ ಹೇಳಿದರು: "ಈ ಸರತಿ ಬದಲಿ ಇಡಾಕ ನನ್ನ ಕಡೆ ಇನ್ನೊಂದಿಲ್ಲ. ಕುಂಡದಾಗ ಉಳದ ಅದೊಂದ ಗಡ್ಡಿಗೆ ಕೈ ಹಚ್ಚಬ್ಯಾಡಪಾ."

ಇಷ್ಟು ವರ್ಷದ ನನ್ನ ವಿಜ್ಞಾನವೆಲ್ಲ ನಿಂತದ್ದು ವೈನಿಯ ಪಲ್ಲೆಯ ಕಾಳಿನ ಮೇಲೆ. ಬರುವ ಜೂನಿನಲ್ಲಿ ಮಕ್ಕಳಿಗೆ ಏನು ಹೇಳಬೇಕೋ ಇನ್ನೂ ತೋಚಿಲ್ಲ.

ವೈನಿ ಹೋಗಿ ಹದಿನೈದು ದಿನವಾಯಿತು. ಕುಂಡಕ್ಕೆ ನಾನು ಚಮಚ ಹಾಕಿಲ್ಲ, ದೇವರಾಣೆ. ನಿನ್ನೆ ಸಂಜೆ ಮಾತ್ರ, ಮಣ್ಣಿನಲ್ಲಿ ಹಸಿ ಇದೆಯೋ ಇಲ್ಲವೋ ಎಂದು ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಇಳಿಸಿದೆ. ಗಟ್ಟಿಯಾದದ್ದೇನೋ ತಾಗಿತು. ಇದೆ, ಗಟ್ಟಿಯಾಗಿಯೇ ಇದೆ. ಬೆರಳು ಇಳಿಸುವುದನ್ನು ಯಾರೂ ಕೆದರುವುದು ಎನ್ನುವುದಿಲ್ಲ. ಆದರೂ ವೈನಿಗೆ ಹೇಳಬೇಡಿ.